ಕಿವಿಯಕ್ಕನ ಹದಿನೈದು ವರ್ಷ

ಯಾರಾದರೂ ಹುಟ್ಟಿದ ಇಸವಿ ಹೇಳಿದರೆ ಸಾಕು, ನನ್ನ ಅಕ್ಕ ಅದರಲ್ಲಿ ಹದಿನೈದು ಕಳೆದುಬಿಡುತ್ತಿದ್ದಳು. ಬೆರಳು ಮಡಿಸುವುದಿಲ್ಲ, ತಡವರಿಸುವುದಿಲ್ಲ, ಉಸಿರಾಡಿದಷ್ಟು ಸಲೀಸು. ಒಮ್ಮೆ ನೆಂಟರ ಮನೆಯಲ್ಲಿ ಯಾರೋ ತಮ್ಮ ಮಗಳ ಇಸವಿ ಹೇಳಿದಾಗ ಇವಳು ಬಾಯಿತಪ್ಪಿ ಕಳೆದು ಹೇಳಿ, ಆ ಹುಡುಗಿಯನ್ನು ಅವಳ ಚಿಕ್ಕಮ್ಮನ ಓರಗೆಯವಳನ್ನಾಗಿ ಮಾಡಿದ್ದಳು. ಆ ಮನೆಯವರು ಇವತ್ತಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಇದು ಚಟವಲ್ಲ, ಕಸುಬು. ಅಕ್ಕ ಕಿವಿ ಮಂದವಾದವರಿಗೆ ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ ಹೊಂದಿಸಿಕೊಡುತ್ತಾಳೆ. ಊರೆಲ್ಲ ಅವಳನ್ನು ಕರೆಯುವುದು ಕಿವಿಯಕ್ಕ ಎಂದೇ. ಅವಳ ದನಿ ಮೆಲು. ಬಂದವರಿಗೆ ಅದು ಕೇಳಬೇಕಲ್ಲ? ಅದಕ್ಕೇ ಮುಂದಿನ ಮೇಜಿನಲ್ಲಿ ಕೂತು ಗಂಟಲು ಹರಿಯುವಂತೆ ಕೂಗುವ ಕೆಲಸ ನನ್ನದು. ಹುಟ್ಟಾ ಬಾಯಿಬಡುಕಿ ನಾನು, ಕೆಲಸ ಹುಡುಕಿಕೊಂಡು ಬಂದಂತಾಯಿತು.

ಯಾವ ಕಿವಿಗೆ ಯಾವ ಸದ್ದು ಎಷ್ಟು ಜೋರಾಗಿ ಬೇಕೆಂದು ಲೆಕ್ಕ ಹಾಕಿ ಯಂತ್ರಕ್ಕೆ ತುಂಬುವುದು ಕಂಪ್ಯೂಟರಿನಲ್ಲಿರುವ ಒಂದು ಮುದಿ ಪ್ರೋಗ್ರಾಂ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ನಮ್ಮಲ್ಲಿಗೆ ಬರುವವರ ಕೈಗೆಟುಕುವ ಯಂತ್ರಗಳೆಲ್ಲ ಆ ಕಂಪನಿಯವೇ, ಅವು ಬೇರೆ ಯಾವ ಪ್ರೋಗ್ರಾಮಿನ ಮಾತನ್ನೂ ಕೇಳುವುದಿಲ್ಲ. ಪ್ರೋಗ್ರಾಮಿಗೋ ಒಂದು ರೋಗ. ಅದರ ಪರವಾನಗಿ ಮುಗಿಯುವ ತಾರೀಕು ದಾಟಿದೆ ಎಂದು ಗೊತ್ತಾದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಹಾಗಾಗಿ ನಮ್ಮ ಕಂಪ್ಯೂಟರಿನ ಗಡಿಯಾರ ಸದಾ ಹದಿನೈದು ವರ್ಷ ಹಿಂದೆ ಇರುತ್ತಿತ್ತು. ಗಡಿಯಾರ ಹಿಂದೆ ಹೋದ ಮೇಲೆ ಬಂದವರ ಹುಟ್ಟೂ ಅಷ್ಟೇ ಹಿಂದೆ ಹೋಗಬೇಕು, ಇಲ್ಲದಿದ್ದರೆ ವಯಸ್ಸು ತಪ್ಪುತ್ತದೆ. ವಯಸ್ಸು ತಪ್ಪಿದರೆ ಸದ್ದೇ ತಪ್ಪುತ್ತದೆ. ಎಳೆಮಗುವಿನ ಕಿವಿಯ ಓಣಿ ಇಷ್ಟೇ ಇಷ್ಟು. ದೊಡ್ಡವರಿಗೆ ಹಿತವಾದ ಸದ್ದು ಅಲ್ಲಿ ಸಿಡಿಲಿನಂತೆ ಬಡಿದು, ಉಳಿದಿರುವ ಅಷ್ಟಿಷ್ಟು ಕೇಳುವ ಶಕ್ತಿಯನ್ನೂ ಹಾಳುಮಾಡಬಹುದು.

ಹೀಗೇ ಸಾಗುತ್ತಿತ್ತು. ಆಮೇಲೆ ಹಳೇ ಕಂಪ್ಯೂಟರು ಸುಟ್ಟ ವಾಸನೆ ಬೀರಿ ಕಣ್ಣು ಮುಚ್ಚಿತು. ಅಕ್ಕ ಅದರ ಮುಂದೆ ಕೂತು ಸತ್ತವರ ಮನೆಯಲ್ಲಿ ಅಳುವಂತೆ ಅತ್ತಳು. ನಾನು, "ಎದ್ದೇಳೇ, ತಂತಿಗೆ ಫೋನ್ ಮಾಡು" ಎಂದು ಗದರಿದೆ.

ತಂತಿ ಎಂದರೆ ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನು. ಆಳೂ ತಂತಿ, ಜೇಬಿನ ತುಂಬಾ ತಂತಿ. ಅವನು ಹೊಸ ಕಂಪ್ಯೂಟರು ತಂದು, ಅದರ ಹೊಟ್ಟೆಯಲ್ಲಿ ಹಳೆಯದರ ಹಾಗೆ ನಟಿಸುವ ಇನ್ನೊಂದು ಕಂಪ್ಯೂಟರನ್ನು ಕೂರಿಸಿದ. ಯಂತ್ರದ ಹಳೇ ಕೇಬಲ್ಲಿಗೆ ಹೊಸದರಲ್ಲಿ ತೂತೇ ಇರಲಿಲ್ಲ, ಎರಡರ ನಡುವೆ ಇನ್ನೊಂದು ತಂತಿ ಜೋಡಿಸಿದ. ಮುದಿ ಪ್ರೋಗ್ರಾಂ ಕಣ್ಣು ಬಿಟ್ಟಿತು. ಆದರೆ ಹೊಸ ಕಂಪ್ಯೂಟರಿಗೆ ಸತ್ಯ ಹೇಳುವ ಚಾಳಿ. ಪ್ರತಿದಿನ ಬೆಳಿಗ್ಗೆ ಇಂಟರ್‌ನೆಟ್ಟಿನಿಂದ ಸರಿಯಾದ ತಾರೀಕು ತಂದು ಪ್ರೋಗ್ರಾಮಿಗೆ ತೋರಿಸುತ್ತಿತ್ತು, ಅದು ಬೀಗ ಹಾಕಿಕೊಳ್ಳುತ್ತಿತ್ತು. ಅಕ್ಕ ದಿನಾ ಗಡಿಯಾರ ಹಿಂದಿಟ್ಟು ಪ್ರೋಗ್ರಾಂ ಮತ್ತೆ ಶುರು ಮಾಡುತ್ತಿದ್ದಳು, ದಿನಾ ತಂತಿಗೆ ಬೈಯುತ್ತಿದ್ದಳು.

"ಏನಾದ್ರೂ ಮಾಡ್ತೀನಿ, ತಡ್ಕೊಳ್ಳಿ" ಎನ್ನುತ್ತಿದ್ದ ಅವನು. ಮಾಡಿದ, ಪುಣ್ಯಾತ್ಮ!

ಅಂದು ಎಲ್ಲರಿಗಿಂತ ಮೊದಲು ಬಂದವಳು ಹೊಲಿಗೆಯವಳು. ಅವಳಿಗೂ ಕಿವಿ ಅಷ್ಟಕ್ಕಷ್ಟೇ, ಯಂತ್ರ ಹಾಕಿಕೊಂಡರೂ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಲಂಗ ತೊಡುವ ವಯಸ್ಸಿನಿಂದ ಅವಳ ಕಿವಿಗೆ ಅಕ್ಕನೇ ಗತಿ. ಈಗ ಅವಳ ಏಳು ತಿಂಗಳ ಕೂಸಿಗೂ ಅದೇ ತೊಂದರೆ. ಯಂತ್ರವನ್ನು ಕಿವಿಗೆ ಹಿಡಿಸುವ ಅಚ್ಚು ತೊಡಿಸಿ ನೋಡುವಾಗ ಕೂಸು ಅತ್ತೂ ಅತ್ತೂ ಅಮ್ಮನ ಭುಜದ ಮೇಲೆ ನಿದ್ದೆಹೋಯಿತು. ಅಕ್ಕ ಹುಟ್ಟಿದ ಇಸವಿ ಕೇಳಿದಳು, ಹದಿನೈದು ಕಳೆದಳು, ಯಂತ್ರಕ್ಕೆ ತುಂಬಿದಳು.

"ಎಚ್ಚರ ಆಗ್ಲಿ, ಇಲ್ಲೇ ಹಾಕಿ ನೋಡೋಣ" ಎಂದಳು ಅಕ್ಕ. ಅದು ಅವಳ ಕಟ್ಟಳೆ.

ನಾನು ಅದನ್ನೇ ಜೋರಾಗಿ ಇನ್ನೊಮ್ಮೆ ಹೇಳಿದೆ. ಹೊಲಿಗೆಯವಳು ಕೈ ಮುಗಿದಳು. "ಅಕ್ಕಾ, ಒಂದೇ ಒಂದು ಆಸೆ. ಮಗು ಮೊದಲು ಕೇಳೋದು ಅದರ ಅಪ್ಪನ ದನಿ ಆಗಬೇಕು. ಅವರು ತಗಡಿನ ಬೀದೀಲಿ, ಕೆಲಸದ ಹತ್ರಾನೇ ಕಾಯ್ತಿದಾರೆ. ಯಂತ್ರ ಹಾಕಿ, ಅವರಿಂದ ಒಮ್ಮೆ ಕರೆಸಿ, ನೇರ ಇಲ್ಲಿಗೇ ಬರ್ತೀನಿ."

ಅಕ್ಕ ಯಾವತ್ತೂ ಇಂಥದ್ದಕ್ಕೆ ಒಪ್ಪಿದವಳಲ್ಲ. ಅಂದು ಅವಳ ಮುಖ ನೋಡಿ ಕರಗಿಬಿಟ್ಟಳು. ಯಂತ್ರವನ್ನು ಡಬ್ಬಿಯಲ್ಲಿಟ್ಟು ಕೊಟ್ಟಳು.

ಅವಳು ಹೋಗಿ ಸ್ವಲ್ಪ ಹೊತ್ತಾಗಿರಬೇಕು, ತಂತಿ ಹಲ್ಲು ಕಿರಿಯುತ್ತಾ ಒಳಗೆ ಬಂದ.

"ಕಿವಿಯಕ್ಕಾ, ಇನ್ನು ಯಾರ ವರ್ಷಾನೂ ಕಳೆಯೋ ರಗಳೆ ಇಲ್ಲ! ಬೆಳಿಗ್ಗೆ ನನ್ನ ಅಂಗಡಿಯಿಂದಲೇ ಇಂಟರ್‌ನೆಟ್ಟಲ್ಲಿ ಒಳಗೆ ನುಗ್ಗಿ ಆ ಬೀಗಾನೇ ಕಿತ್ತುಹಾಕ್ದೆ. ಇವತ್ತಿನ ತಾರೀಕಲ್ಲೇ ಜುಮ್ಮಂತ ಓಡ್ತಿದೆ, ನೋಡಿದ್ರಾ?"

ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. "ಇವತ್ತಿನ ತಾರೀಕಾ?"

"ಹ್ಞೂಂ. ಬೆಳಗ್ಗೆ ಗಡಿಯಾರ ಹಿಂದಿಡೋ ಕೆಲಸ ಬೀಳ್ಲಿಲ್ಲ ಅಲ್ವಾ? ಯಾಕೆ, ಏನಾಯ್ತು?"

ನಿಜ, ಬಿದ್ದಿರಲಿಲ್ಲ. ಪ್ರೋಗ್ರಾಂ ತೆಪ್ಪಗೆ ತೆರೆದದ್ದು ನೋಡಿ, ಗಡಿಯಾರ ಕಡೆಗೂ ಹಿಂದೆಯೇ ನಿಂತಿತು ಎಂದುಕೊಂಡಿದ್ದಳು ಅಕ್ಕ. ಈಗ ಪರದೆಗೆ ಮುಖ ತಂದು ನೋಡಿದಳು. ವಯಸ್ಸು ತೋರಿಸುವ ಆ ಮೂಲೆಯತ್ತ ಅವಳು ಕಣ್ಣು ಹಾಯಿಸಿ ಎಷ್ಟು ಕಾಲವಾಗಿತ್ತೋ. ಅಲ್ಲಿ ಹದಿನೈದು ವರ್ಷ ಏಳು ತಿಂಗಳು ಎಂದಿತ್ತು.

"ಅಯ್ಯೋ! ಕೂಸನ್ನ ಹೈಸ್ಕೂಲಿಗೆ ಕಳಿಸಿಬಿಟ್ಟೆನಲ್ಲೇ!"

ಹದಿನೈದು ವರ್ಷದವರ ಸದ್ದು, ಆ ಇಷ್ಟೇ ಇಷ್ಟು ಕಿವಿಗೆ, ಅದೂ ದಿನವಿಡೀ ಸುತ್ತಿಗೆ ಬಡಿಯುವ ತಗಡಿನ ಬೀದಿಯಲ್ಲಿ. ಹೊಲಿಗೆಯವಳಿಗೆ ಫೋನ್ ಮಾಡಿದೆ, ಅವಳಿಗೆ ಹೇಗೆ ಕೇಳಬೇಕು? ಮೆಸೇಜ್ ಹಾಕಿದೆ, ನೋಡಲಿಲ್ಲ. ಗಂಡನ ಫೋನು ರಿಂಗಾಗುತ್ತಲೇ ಇತ್ತು, ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ?

ಅಕ್ಕ ಏಳಲು ಹೋಗಿ ಕುರ್ಚಿಗೇ ಕುಸಿದಳು, ಅವಳ ಮಂಡಿ ಮೊದಲೇ ಸರಿಯಿಲ್ಲ. "ಓಡೇ, ನಿನ್ನ ಕಾಲಿಗೆ ಬೀಳ್ತೀನಿ, ಓಡು" ಎಂದಳು.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ತರಕಾರಿ ಗಾಡಿಗೆ ಡಿಕ್ಕಿ ಹೊಡೆದು ಬೈಗುಳ ತಿಂದೆ, ತಿರುಗಿ ಬೈಯಲೂ ಪುರುಸೊತ್ತಿರಲಿಲ್ಲ. ದೇವರೇ, ಕೂಸು ಇನ್ನೂ ಮಲಗಿರಲಿ, ಇನ್ನೊಂದು ಚೂರು ಮಲಗಿರಲಿ ಎಂದು ಬೇಡಿಕೊಳ್ಳುತ್ತಾ ಮೂಲೆ ತಿರುಗಿದೆ.

ತಗಡಿನ ಬೀದಿ ಸದ್ದಿಲ್ಲದೆ ನಿಂತಿತ್ತು.

ಹುಟ್ಟಿದಾಗಿನಿಂದ ಆ ಬೀದಿ ಹಾಗಿದ್ದುದನ್ನು ನಾನು ಕಂಡಿರಲಿಲ್ಲ. ಸುತ್ತಿಗೆಗಳು ನೆಲದ ಮೇಲೆ, ಕೆಲಸದವರೆಲ್ಲ ಅಂಗಡಿಯ ಹೊಸಿಲಲ್ಲಿ. ನಡುವೆ ಒಂದು ಸ್ಟೂಲಿನ ಮೇಲೆ ಹೊಲಿಗೆಯವಳು ನನಗೆ ಬೆನ್ನು ಮಾಡಿ ಕೂತಿದ್ದಾಳೆ. ಕೂಸಿಗೆ ಎಚ್ಚರವಾಗಿದೆ. ಅದು ಮೊದಲು ಅಪ್ಪನ ದನಿ ಕೇಳಲಿ ಎಂದು ಇಡೀ ಬೀದಿ ಕೆಲಸ ನಿಲ್ಲಿಸಿದೆ! ಅಪ್ಪ ಅದರ ಮುಂದೆ ಬಗ್ಗಿ ಎದೆಯ ತುಂಬಾ ಉಸಿರು ಎಳೆದುಕೊಳ್ಳುತ್ತಿದ್ದಾನೆ. ದಿನವಿಡೀ ಸುತ್ತಿಗೆಯ ಸದ್ದು ಮೀರಿಸಿ ಕೂಗಿ ಮಾತಾಡುವ ಮನುಷ್ಯ, ಅವನಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ.

"ನಿಲ್ಲಿಸಿ" ಎಂದು ಅರಚಲು ಬಾಯಿ ತೆರೆದವಳು ಹಾಗೇ ನಿಂತೆ. ಯಂತ್ರ ಆಗಲೇ ಕಿವಿಯಲ್ಲಿದ್ದರೆ? ಊರಿಗೆಲ್ಲ ಕೇಳುವ ನನ್ನ ಈ ಗಂಟಲೇ ಆ ಕಿವಿಗೆ ಮೊದಲ ಏಟಾದರೆ?

ಬಾಯಿ ಮುಚ್ಚಿಕೊಂಡೆ. ಚಪ್ಪಲಿ ಬಿಟ್ಟೆ. ನೆಲದ ತುಂಬಾ ತಗಡಿನ ಚೂರು, ಖಾಲಿ ಡಬ್ಬಗಳು. ಒಂದಕ್ಕೆ ಕಾಲು ತಗುಲಿದರೂ ಮುಗಿಯಿತು. ಹೊಸಿಲಲ್ಲಿದ್ದ ಮುದುಕನೊಬ್ಬ ನನ್ನನ್ನು ಕಂಡು ಏನೋ ಕೇಳಲು ಹೊರಟ, ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡೆ. ಅಂಗಾಲು ಚರ್ರೆಂದು ಸೀಳಿತು. ಹಲ್ಲು ಕಚ್ಚಿ ಮುಂದೆ ಹೆಜ್ಜೆ ಇಟ್ಟೆ. ಅಪ್ಪ ಬಾಯಿ ತೆರೆದ. ಕೈ ಚಾಚಿ ಆ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಬಿಟ್ಟೆ.

ಅವನ ಕಣ್ಣು ಕೆಂಪಾಯಿತು. ಹೊಲಿಗೆಯವಳು ಬೆಚ್ಚಿ ತಲೆಯೆತ್ತಿದಳು. ಅವಳ ಕಡೆ ಮುಖ ಮಾಡಿ, ದನಿಯೇ ಇಲ್ಲದೆ, ತುಟಿ ಮಾತ್ರ ಆಡಿಸಿ ಹೇಳಿದೆ: "ತೆಗಿ. ಯಂತ್ರ ತೆಗಿ. ಸದ್ದು ಜಾಸ್ತಿ ಆಗಿದೆ."

ಆ ಮಾತು ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳಿಗೆ ತಕ್ಷಣ ತಿಳಿಯಿತು. ಸರಕ್ಕನೆ ಯಂತ್ರ ಕಳಚಿ ನನ್ನ ಅಂಗೈಗೆ ಹಾಕಿದಳು. ಅದರ ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ಕೂಸು ಏನೂ ಆಗದವರ ಹಾಗೆ ಅಮ್ಮನ ಸೆರಗು ಚೀಪುತ್ತಿತ್ತು. ನನಗೆ ಹೋದ ಜೀವ ಬಂದಂತಾಗಿ, ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಕೂಸನ್ನೂ ಅದರ ಅಪ್ಪ ಅಮ್ಮನನ್ನೂ ಕರೆದುಕೊಂಡು ನಮ್ಮ ಅಂಗಡಿಗೆ ಬರುವಾಗ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸುತ್ತಿ ಬಳಸಿ ಮಾತಾಡಲಿಲ್ಲ. "ತಪ್ಪು ನನ್ನದು. ನೋಡದೆ ಕಳೆದೆ. ಮಗೂನ ನನ್ನ ಕಣ್ಣೆದುರು ಇಟ್ಟುಕೊಳ್ಳದೆ ಕಳಿಸಿದೆ" ಎಂದಳು. ತಂತಿ, "ಇಲ್ಲ ಇಲ್ಲ, ಹೇಳದೆ ಕೈಹಾಕಿದವನು ನಾನು" ಎಂದು ಮೂಲೆಯಿಂದ ಗೊಣಗಿದ.

ಅಪ್ಪನ ಸಿಟ್ಟು ಇಳಿದಿರಲಿಲ್ಲ. "ಇನ್ನು ಇದರ ಸಹವಾಸಾನೇ ಬೇಡ, ನಡಿ" ಎಂದು ಹೆಂಡತಿಯ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

"ನಿಮ್ಮ ದನಿ ನನಗೆ ಕೇಳಿಸಿದ್ದು ಯಾರಿಂದ?" ಎಂದು ಅವನನ್ನು ಕೇಳಿದಳು. ಅಕ್ಕನ ಕಡೆ ತಿರುಗಿ, "ಮತ್ತೆ ಹಾಕಿ ಅಕ್ಕಾ" ಎಂದಳು.

ಅಕ್ಕ ಕೂತಳು. ಇಸವಿ ಒತ್ತುವಾಗ ಕೈ ತಾನಾಗಿ ಹಿಂದಕ್ಕೆ ಹೋಯಿತು. ಅಳಿಸಿದಳು, ನಿಜವಾದದ್ದನ್ನೇ ಒತ್ತಿದಳು. ಮೂಲೆಯಲ್ಲಿದ್ದ ವಯಸ್ಸನ್ನು ನನ್ನಿಂದ ಓದಿಸಿದಳು, ತಂತಿಯಿಂದ ಓದಿಸಿದಳು. ಏಳು ತಿಂಗಳು. ಯಂತ್ರಕ್ಕೆ ಕೊಳವೆ ಸಿಕ್ಕಿಸಿ ತಾನೇ ಕೇಳಿ ನೋಡಿದಳು. ಆಮೇಲೆ ಕೂಸಿನ ಕಿವಿಗೆ ಇಟ್ಟು, ಅಪ್ಪನಿಗೆ ತಲೆಯಾಡಿಸಿದಳು.

ಅವನಿಗೆ ಈಗ ಹೆದರಿಕೆ. ಬಾಯಿ ತೆರೆದ, ಮುಚ್ಚಿದ. ಕೊನೆಗೆ ಪಿಸುಗುಟ್ಟಿದ ಎಂದೇ ಹೇಳಬೇಕು: "ಪುಟ್ಟೀ."

ಸೆರಗು ಚೀಪುತ್ತಿದ್ದ ಬಾಯಿ ನಿಂತಿತು. ಕಣ್ಣು ಅಗಲವಾಯಿತು. ಇನ್ನೊಮ್ಮೆ "ಪುಟ್ಟೀ" ಎಂದಾಗ ಕೂಸು ತಲೆ ತಿರುಗಿಸಿ ಅಪ್ಪನನ್ನೇ ನೋಡಿತು. ಆ ದೊಡ್ಡ ಗಂಟಲಿನವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಹೊಲಿಗೆಯವಳು ನಕ್ಕಳು, ಅತ್ತಳು. ಅಕ್ಕ ಮಾತ್ರ ಪರದೆಯ ಮೂಲೆಯಿಂದ ಕಣ್ಣು ಕೀಳಲಿಲ್ಲ.

ಆ ಮುದಿ ಪ್ರೋಗ್ರಾಂ ಈಗಲೂ ಓಡುತ್ತಿದೆ, ಸರಿಯಾದ ತಾರೀಕಿನಲ್ಲೇ. ತಂತಿ ನಮ್ಮನ್ನು ಕೇಳದೆ ಒಂದು ಸ್ಕ್ರೂ ಮುಟ್ಟುವುದಿಲ್ಲ. ಅಕ್ಕ ಮಾತ್ರ ಪ್ರತಿಯೊಬ್ಬರು ಬಂದು ಕೂತಾಗಲೂ ಒಳಗಿನಿಂದ ಕೇಳುತ್ತಾಳೆ: "ಇದು ಯಾವ ವರ್ಷಾನೇ?"

ಬಂದವರು ಅವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಲಿ, ನನಗೇನು? ನಾನು ಗಂಟಲು ಹರಿಯುವಂತೆ ಕೂಗಿ ಹೇಳುತ್ತೇನೆ. ಅಷ್ಟು ಜೋರು ಬೇಡ ಎಂದು ಅವಳು ಒಮ್ಮೆಯೂ ಹೇಳಿಲ್ಲ.