ಕಾಲರಿನ ಒಳಗಿನ ನಂಬರು

ಬೀದಿಯವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಇಪ್ಪತ್ತು ವರ್ಷ ಗಂಡನ ಜೊತೆ ಲಾಂಡ್ರಿ ನಡೆಸಿದವಳು. ಜೊತೆ ಅನ್ನುವುದು ಬಾಯಿಮಾತು ಬಿಡಿ. ಒಗೆಯುವುದು, ಗಂಜಿ ಹಾಕುವುದು, ಇಸ್ತ್ರಿ, ಎಲ್ಲ ಅವಳದೇ. ಆ ಮಹಾಶಯ ಗಿರಾಕಿಗಳ ಒಳ್ಳೊಳ್ಳೆ ಅಂಗಿ ತೊಟ್ಟು ಊರು ಸುತ್ತುತ್ತಿದ್ದ. ಅದನ್ನೂ ಸಹಿಸಿಕೊಂಡಿದ್ದಳು, ಪುಣ್ಯಾತ್ಗಿತ್ತಿ! ಆದರೆ ಒಂದು ದಿನ ಅದನ್ನು ಕೇಳಿದ್ದಕ್ಕೆ, ನಾಲ್ಕು ಜನರ ಎದುರಿಗೇ ಅವಳ ಕೆನ್ನೆಗೆ ಬಾರಿಸಿದ. ಅವತ್ತೇ ಹಾಸಿಗೆ ಸುತ್ತಿಕೊಂಡು ಅಂಗಡಿಯ ಮೇಲಿನ ಕೋಣೆ ಸೇರಿ ಚಿಲಕ ಹಾಕಿಕೊಂಡಳು.

ಚಿಲಕಕ್ಕೆ ಅವನು ಬಗ್ಗುವವನೇ? ದಿನಾ ಬಾಗಿಲು ಬಡಿಯುತ್ತಿದ್ದ. ಕೊನೆಗೆ ಅವಳು ಕೋರ್ಟು ಹತ್ತಿದಳು. "ಡೈವೋರ್ಸೇ ಕೇಳೋಣ್ವಾ?" ಎಂದಳು ವಕೀಲೆ.

"ಮದುವೆ ಮುರಿಯೋದು ಆಮೇಲೆ ನೋಡೋಣಮ್ಮ. ಬೇರೆ ಇರೋದಕ್ಕೆ ಕಾಗದ ಕೊಡ್ಸು. ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಮಲಗ್ಬೇಕು ನಾನು."

ವಿಚಾರಣೆಯ ದಿನ ಗಂಡ ಗರಿಗರಿ ಬಿಳಿ ಅಂಗಿ ತೊಟ್ಟು ಮದುಮಗನ ಹಾಗೆ ಬಂದ. ಅವನ ವಕೀಲ ಗಂಟಲು ಸರಿಮಾಡಿಕೊಂಡ. "ಮೇಡಂ, ಹೊಡೆದದ್ದನ್ನ ಈಕೆ ಯಾವತ್ತೋ ಕ್ಷಮಿಸಿ ಸಂಸಾರ ಮಾಡ್ತಿದ್ದಾರೆ. ಈ ಅಂಗಿ ಒಗೆದು ಇಸ್ತ್ರಿ ಮಾಡಿದ್ದು ಯಾರು, ಕೇಳಿ."

"ನಾನೇ," ಎಂದಳು ಅಕ್ಕ. ಅವಳ ವಕೀಲೆ ತಲೆ ಮೇಲೆ ಕೈ ಹೊತ್ತಳು. ಗಂಡ ಮೀಸೆಯಡಿ ನಕ್ಕ.

ಅಕ್ಕ ನ್ಯಾಯಾಧೀಶೆಯ ಮುಖ ನೋಡಿದಳು. ತನ್ನ ಕೆಲಸ ತನಗೆ ಗೊತ್ತಿಲ್ಲವೇ? "ಮೇಡಂ, ಆ ಕಾಲರ್ ಒಳಗೆ ಸ್ವಲ್ಪ ತೋರಿಸೋಕೆ ಹೇಳ್ತೀರಾ?"

ಗಂಡ ಕಾಲರ್ ಮಡಚಿ ತೋರಿಸಬೇಕಾಯಿತು. ಅಳಿಸದ ಶಾಯಿಯಲ್ಲಿ ಸಣ್ಣಗೆ ನೂರ ಹದಿನಾಲ್ಕು ಎಂದಿತ್ತು.

"ಅಂಗಿ ಇವರದೇ, ಆದ್ರೆ ಅದು ಗಿರಾಕಿ ನಂಬರು. ಈಗ ಇವರೂ ನನಗೊಬ್ಬ ಗಿರಾಕಿ. ಬಟ್ಟೆ ಅದಲುಬದಲು ಆಗ್ಬಾರ್ದು ಅಂತ ಹಾಕ್ತೀವಿ. ಮನೆಯವರ ಬಟ್ಟೆಗೆ ಯಾಕೆ ಹಾಕ್ಬೇಕು? ಕಣ್ಣು ಮುಚ್ಚಿದ್ರೂ ಕೈಗೆ ಗೊತ್ತಾಗತ್ತೆ. ಇಪ್ಪತ್ತು ವರ್ಷ ಇವರ ಒಂದು ಅಂಗಿಗೂ ನಂಬರ್ ಹಾಕಿದವಳಲ್ಲ ನಾನು."

ನ್ಯಾಯಾಧೀಶೆ ಗಂಡನ ಕಡೆ ತಿರುಗಿದರು. "ಹೌದೇನ್ರೀ?"

ಅವನು ತನ್ನ ವಕೀಲನ ಕಡೆ ಕಣ್ಣು ಹಾಯಿಸಿದ. ಕಡೆಗೆ, "ಹೌದು, ಮೊದಲು ಇರ್ಲಿಲ್ಲ," ಎಂದ.

ತೀರ್ಪು ಅವಳ ಕಡೆಗೇ ಆಯಿತು; ಅವನು ಅವಳ ಕೋಣೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಹೊರಗೆ ವರಾಂಡದಲ್ಲಿ ಅವನು ಕಾಲರ್ ಮುಟ್ಟಿಕೊಳ್ಳುತ್ತಾ ಅವಳ ಹತ್ತಿರ ಬಂದ. "ಇದನ್ನ ಯಾವಾಗ ಹಾಕ್ದೆ?"

ಅವಳು ಚೀಲ ಹೆಗಲಿಗೇರಿಸಿಕೊಂಡಳು.

"ನೀವು ಹೊಡೆದ ಮಾರನೇ ದಿನ. ವರ್ಷದಿಂದ ಕತ್ತಿಗೇ ಹಾಕ್ಕೊಂಡು ತಿರುಗ್ತಿದ್ದೀರಿ. ಒಂದು ದಿನವಾದ್ರೂ ನೋಡಿದ್ರಾ?"