ಕುತ್ತಿಗೆಗೆ ಕೂಡದ ಕಾಲರ್

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಟೇಪಮ್ಮ. ಊಟಕ್ಕೆ ಕೂತಾಗಲೂ ಅಳತೆ ಟೇಪು ಅವಳ ಹೆಗಲ ಮೇಲೇ. ಮೂವತ್ತು ವರ್ಷ ಎರಡು ಶಾಲೆಗಳ ಸಮವಸ್ತ್ರ ಹೊಲಿದವಳು. ಮಗುವಿನ ಎದೆ ಅಳೆದರೆ ಸಾಕು, ಕುತ್ತಿಗೆ ಎಷ್ಟೆಂದು ಅವಳ ಲೆಕ್ಕವೇ ಹೇಳುತ್ತಿತ್ತು. ಅದು ತಪ್ಪಿದ್ದನ್ನು ಅಂಗಡಿಯಲ್ಲಿ ಗುಂಡಿ, ಕಾಜ ಹೊಲಿಯುವ ನಾನಂತೂ ಕಂಡಿರಲಿಲ್ಲ.

ಆ ವರ್ಷ ಗುಡ್ಡದ ಶಾಲೆಯಿಂದ ಹದಿನೇಳು ಅಂಗಿ ವಾಪಸ್ ಬಂದವು. ಕಾಲರ್ ಗುಂಡಿ ಕೂಡುತ್ತಿಲ್ಲವಂತೆ. ಹೆಡ್‌ಮಾಸ್ಟರೇ ಗಂಟು ಹೊತ್ತು ತಂದಿದ್ದರು.

“ನಿಮಗೂ ವಯಸ್ಸಾಯ್ತು. ಒಂದಿಂಚು ಸಡಿಲ ಮಾಡ್ಕೊಡಿ. ಮುಂದಿನ ವರ್ಷ ಬೇರೆ ಟೈಲರ್ ನೋಡ್ಕೋತೀವಿ.”

ದೊಡ್ಡಮ್ಮನ ಮುಖ ಕೆಂಪೇರಿತು. ಕೆಳಗಿನ ಶಾಲೆಯಲ್ಲಿ ವಿಚಾರಿಸಿದಳು. ಅಲ್ಲಿ ಎಲ್ಲ ಗುಂಡಿಗಳೂ ಸಲೀಸಾಗಿ ಕೂಡುತ್ತಿದ್ದವು. ಅದೇ ಕತ್ತರಿ, ಅದೇ ಲೆಕ್ಕ! ಮರುದಿನ ನನ್ನನ್ನು ಎಳೆದುಕೊಂಡು ಗುಡ್ಡ ಹತ್ತಿದಳು. ನೋಯುತ್ತಿದ್ದದ್ದು ಅವಳ ಮಂಡಿ, ದಾರಿಯುದ್ದಕ್ಕೂ ಬೈಸಿಕೊಂಡದ್ದು ನಾನು.

ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಕಾಲರ್ ಒಂದೂವರೆ ಇಂಚು ಸಾಲದೆ ಹೋಯಿತು. ದೊಡ್ಡಮ್ಮ ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಗಂಟಲ ಕೆಳಗೆ ದಪ್ಪಗೆ ಊದಿಕೊಂಡಿತ್ತು. ಪಕ್ಕದವಳಿಗೂ ಹಾಗೇ, ಅವಳ ತಮ್ಮನಿಗೂ ಹಾಗೇ.

“ನನ್ನ ಲೆಕ್ಕ ಸರಿಯಾಗಿದೆ ಮೇಷ್ಟ್ರೇ. ಈ ಮಕ್ಕಳ ಕುತ್ತಿಗೇಲೇ ಏನೋ ಕೆಟ್ಟಿದೆ. ಕಾಲರ್ ದೊಡ್ಡದು ಮಾಡಿದ್ರೆ ಅದು ವಾಸಿ ಆಗುತ್ತಾ?”

“ನೀವು ಯಾವಾಗ ಡಾಕ್ಟರ್ ಆದ್ರಿ?”

“ನೀವು ಟೈಲರ್ ಆದ ದಿನಾನೇ.”

ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ. ಡಾಕ್ಟರಮ್ಮ ನಗಲಿಲ್ಲ, ಮರುದಿನವೇ ಬಂದು ಎಲ್ಲರ ಕುತ್ತಿಗೆ ಮುಟ್ಟಿ ನೋಡಿದರು. ಗಳಗಂಡ, ಉಪ್ಪಿನಲ್ಲಿ ಅಯೋಡಿನ್ ಸಾಲದಿದ್ದರೆ ಬರುವ ರೋಗ. ಮಕ್ಕಳು ಮನೆಯಿಂದ ತಂದ ಉಪ್ಪಿನ ಮೇಲೆ ಒಂದೊಂದು ಹನಿ ಔಷಧಿ ಬಿಟ್ಟರು. ಅಯೋಡಿನ್ ಇದ್ದರೆ ನೀಲಿಯಾಗಬೇಕಿದ್ದ ಉಪ್ಪು ಬೆಳ್ಳಗೇ ಉಳಿಯಿತು. ಗುಡ್ಡದ ಅಂಗಡಿಯ ಬಿಡಿ ಕಲ್ಲುಪ್ಪಿನಲ್ಲಿ ಅಯೋಡಿನ್ ಇದ್ದದ್ದೇ ಕಡಿಮೆ. ಮಣ್ಣಿದೆಯೆಂದು ಅಮ್ಮಂದಿರು ಎರಡೆರಡು ನೀರಲ್ಲಿ ತೊಳೆದು ಇದ್ದಷ್ಟನ್ನೂ ಬಚ್ಚಲಿಗೆ ಬಿಡುತ್ತಿದ್ದರು. ಶುಚಿಯಲ್ಲಿ ಅವರನ್ನು ಮೀರಿಸುವವರಿಲ್ಲ ಬಿಡಿ!

“ಹೀಗೇ ಬಿಟ್ಟಿದ್ರೆ ಬೆಳವಣಿಗೆ, ಓದು ಎಲ್ಲಕ್ಕೂ ಪೆಟ್ಟು ಬೀಳ್ತಿತ್ತು,” ಎಂದರು ಡಾಕ್ಟರಮ್ಮ. “ಸರಿಯಾದ ಹೊತ್ತಿಗೆ ಹೇಳಿದ್ರಿ.”

ಗುಡ್ಡದ ಅಂಗಡಿಗೆ ಅಯೋಡಿನ್ ಉಪ್ಪಿನ ಪ್ಯಾಕೆಟ್ ಬಂತು. ದೊಡ್ಡಮ್ಮ ಮನೆಮನೆಗೆ ಹೋಗಿ, “ಇದನ್ನೂ ತೊಳೆದ್ರೆ ನೋಡಿ ಮತ್ತೆ!” ಎಂದು ಗದರಿಸಿ ಬಂದಳು. ಮೂರು ತಿಂಗಳಿಗೊಮ್ಮೆ ಹದಿನೇಳೂ ಕುತ್ತಿಗೆ ಅಳೆದು ಬರೆದಿಟ್ಟಳು. ಮೊದಲ ವರ್ಷ ಕಾಲಿಂಚು, ಅರ್ಧ ಇಂಚು ಇಳಿದಾಗಲೇ ಅವಳ ಹಾರಾಟ ಹೇಳತೀರದು.

ಎರಡು ವರ್ಷದ ಮೇಲೆ, ಹೊಸದಾಗಿ ಎದೆ ಅಳೆದು ಅವಳ ಹಳೆಯ ಲೆಕ್ಕಕ್ಕೇ ಹೊಲಿದ ಅಂಗಿಗಳನ್ನು ಹೊತ್ತು ಗುಡ್ಡ ಹತ್ತಿದೆವು. ಆ ಹುಡುಗಿ ನಾಲ್ಕಿಂಚು ಉದ್ದವಾಗಿದ್ದಳು.

“ಗುಂಡಿ ಹಾಕ್ಕೋ ಮಗಾ.”

ಹಾಕಿಕೊಂಡಳು. ಗುಂಡಿ ಕೂಡಿತು, ಒಂದು ಬೆರಳು ತೂರುವಷ್ಟು ಜಾಗವೂ ಉಳಿಯಿತು. ಹೆಡ್‌ಮಾಸ್ಟರು ಎಲ್ಲ ಮಕ್ಕಳೆದುರೇ ದೊಡ್ಡಮ್ಮನಿಗೆ ಕೈ ಮುಗಿದರು. ನಾನು ಹೆಮ್ಮೆಯಿಂದ ಉಳಿದ ಅಂಗಿಗಳನ್ನು ಹಂಚಿದೆ.

“ಅಜ್ಜೀ, ಸೆಕೆ!” ಎಂದು ಹುಡುಗಿ ಆ ಗುಂಡಿಯನ್ನು ಬಿಚ್ಚಿಕೊಂಡು ಆಟಕ್ಕೆ ಓಡಿದಳು. ಎರಡು ವರ್ಷದ ದುಡಿಮೆ ಒಂದೇ ಕ್ಷಣಕ್ಕೆ ಬಿಚ್ಚಿಹೋದರೂ ದೊಡ್ಡಮ್ಮ ಬೈಯಲಿಲ್ಲ. ಕಣ್ಣೊರೆಸಿಕೊಂಡು, ಗಟ್ಟಿಯಾಗಿ ನಕ್ಕುಬಿಟ್ಟಳು.