ಮೂರು ಗಂಟೆಯ ಕರೆ

ಮಧ್ಯಾಹ್ನ ಮೂರಕ್ಕೆ ವಾರ್ಡಿನ ಫೋನು ಕೈಗೆ ಬಂದಾಗ ನರ್ಸ್ ಒಬ್ಬರು ಅದನ್ನು ಕರೆ ಮಾಡದೆ ಮೇಜಿನ ಮೇಲಿಟ್ಟರು. ಸೋಂಕು ಹರಡಿದಾಗಿನಿಂದ ರೋಗಿಗಳ ಮನೆಗೆ ದಿನವೂ ಸುದ್ದಿ ಮುಟ್ಟಿಸುವ ಕೆಲಸ ಅವರದು. ಮಾತುಗಾರ್ತಿಯಾದ್ದರಿಂದ ಜೊತೆಯವರು ಅವರನ್ನು ‘ರೇಡಿಯೊ’ ಎಂದೇ ಕರೆಯುತ್ತಿದ್ದರು.

ಹತ್ತು ದಿನಗಳ ಹಿಂದೆ ಇದೇ ಹೊತ್ತಿಗೆ ಅವರು ಬೆಳಗಿನ ರೋಗಿಗಳ ಪಟ್ಟಿ ನೋಡಿಕೊಂಡು ಏಳನೇ ಹಾಸಿಗೆಯವರ ಹೆಂಡತಿಗೆ ಫೋನು ಮಾಡಿ, “ನಿಮ್ಮ ಯಜಮಾನ್ರು ಹಾಲು ಕುಡಿದ್ರು, ಹುಷಾರಾಗ್ತಿದಾರೆ” ಎಂದಿದ್ದರು. ಆ ಮನುಷ್ಯ ಬೆಳಗ್ಗೆ ಹನ್ನೊಂದಕ್ಕೇ ತೀರಿಕೊಂಡಿದ್ದರು. ಹಾಲು ಕುಡಿದವರು ಅದೇ ಹಾಸಿಗೆಗೆ ಬಂದಿದ್ದ ಹೊಸ ರೋಗಿ.

ಅರ್ಧ ಗಂಟೆ ಬಿಟ್ಟು ಅದೇ ನಂಬರಿಗೆ ಮತ್ತೆ ಫೋನು ಮಾಡಬೇಕಾಯಿತು. “ಅಪ್ಪ ಹಾಲು ಕುಡಿದ್ರಂತೆ ಅಂತ ಮಕ್ಕಳಿಗೆ ಈಗ ತಾನೇ ಹೇಳ್ದೆನಲ್ಲ ಸಿಸ್ಟರ್” ಎಂದರು ಆ ಹೆಂಗಸು. ಬೈಯಲಿಲ್ಲ.

ಅಂದಿನಿಂದ ಕರೆಗಳಲ್ಲಿ ಬರೆದಿಟ್ಟಿದ್ದನ್ನಷ್ಟೇ ಓದಿ ಮುಗಿಸುತ್ತಿದ್ದ ನರ್ಸ್ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. “ಜಗಳಾನಾದ್ರೂ ಆಡೇ, ಮನೆ ಬಿಕೋ ಅನ್ನುತ್ತೆ” ಎಂದು ಅತ್ತೆ ಕೆಣಕಿ ನೋಡಿದ್ದರು.

“ಏನಮ್ಮಾ ರೇಡಿಯೊ, ಬ್ಯಾಟರಿ ಖಾಲಿನಾ?” ಎನ್ನುತ್ತ ಬಂದ ಹಿರಿಯ ನರ್ಸ್, ಅವರು ಫೋನನ್ನು ತಮ್ಮತ್ತ ತಳ್ಳಿದ್ದನ್ನು ಕಂಡು ನಗು ನಿಲ್ಲಿಸಿದರು. “ಎಷ್ಟು ದಿನದಿಂದ ಹೀಗೆ?”

“ಅವತ್ತಿಂದ, ಅಕ್ಕಾ. ಯಾರಿಗೆ ಏನು ಹೇಳೋಕೆ ಹೋದ್ರೂ ಸುಳ್ಳಾಗಿಬಿಡುತ್ತೇನೋ ಅನ್ಸುತ್ತೆ.”

“ಮೊದಲೇ ಹೇಳೋಕೆ ಏನಾಗಿತ್ತು?”

“ನೀವೆಲ್ಲ ನನಗಿಂತ ಸುಸ್ತಾಗಿದ್ರಿ.”

ಹಿರಿಯ ನರ್ಸ್ ಫೋನು ಎತ್ತಿಕೊಂಡು ಆ ದಿನದ ಕರೆಗಳನ್ನೆಲ್ಲ ತಾವೇ ಮಾಡಿದರು. ಮರುದಿನ ಬೆಳಗ್ಗೆ ಹತ್ತಕ್ಕೆ ಅವರೇ ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸಿದರು. ಆ ತಿಂಗಳು ನರ್ಸ್ ಕೆಲಸಕ್ಕೆ ಮರಳಲಿಲ್ಲ.